ಜೀನ್ಸ್ ಚಿಂದಿಯಿಂದ ಅಚ್ಚಿನ ಫೆಲ್ಟ್: ಬಳ್ಳಾರಿಯಲ್ಲಿ ನನ್ನ ಅನುಭವ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕತ್ತರಿಸುವ ಮೇಜಿನ ಕೆಳಗೆ ಬೀಳುವ ಚಿಂದಿಯನ್ನು ಹಿಂಜಿ, ಅದಕ್ಕೆ ಬಿಸಿಗೆ ಬೆಂದು ಗಟ್ಟಿಯಾಗುವ ಅಂಟಾದ ಫೀನಾಲಿಕ್ ರೆಸಿನ್ ಪುಡಿಯನ್ನು ಬೆರೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ, ವಾಹನಗಳ ಬಾನೆಟ್ಟಿನ ಒಳಮೈಗೂ ಎಂಜಿನ್ ಮತ್ತು ಚಾಲಕನ ನಡುವಣ ಗೋಡೆಗೂ ಹೊಂದುವ ಶಬ್ದನಿರೋಧಕ ಹಾಳೆಗಳನ್ನು ಮಾಡುವುದು ನನ್ನ ಉದ್ಯೋಗ. ಕೌಲ್ ಬಜಾರಿನ ಮನೆಗಳಲ್ಲಿ ಓಡುವ ಹೊಲಿಗೆ ಯಂತ್ರಗಳಿಂದ ಹಿಡಿದು ಮುಂಡರಗಿ ಕೈಗಾರಿಕಾ ಪ್ರದೇಶದ ಘಟಕಗಳವರೆಗೆ ಕಚ್ಚಾವಸ್ತುವಿಗೆ ಇಲ್ಲಿ ಬರವಿಲ್ಲ. ಯಂತ್ರಗಳೂ ದುರ್ಲಭವಲ್ಲ, ಹಳೆ ಬಟ್ಟೆಯನ್ನು ಹರಿದು ನಾರು ತೆಗೆಯುವ ಕಸುಬಿಗೆ ಹೆಸರಾದ ಹರಿಯಾಣದ ಪಾಣಿಪತ್ತಿನಲ್ಲಿ ಅವು ಸಿಗುತ್ತವೆ. ಈ ಕೆಲಸದಲ್ಲಿ ನಿಜವಾಗಿ ಕಲಿಯಬೇಕಾದದ್ದು ರೆಸಿನ್ನನ್ನು ಅರ್ಧಕ್ಕೆ ಬೇಯಿಸಿ ನಿಲ್ಲಿಸುವುದನ್ನು, ಮತ್ತು ಅಚ್ಚಿಗೆ ಹೋಗುವವರೆಗೆ ಅದನ್ನು ಆ ಅರ್ಧದಲ್ಲೇ ಹಿಡಿದಿಡುವುದನ್ನು. ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ಊರಿನಲ್ಲಿ ಇದು ಹೇಳಿದಷ್ಟು ಸುಲಭವಲ್ಲ.

ಮೊದಲು ಚಿಂದಿಯ ವಿಷಯ. ನಮಗೆ ಬರುವುದು ಹೊಲಿಯುವ ಮುಂಚಿನ ಕತ್ತರಿಕೆಯ ಚೂರುಗಳಾದ್ದರಿಂದ ಗುಂಡಿ, ರಿವೆಟ್ಟು, ಜಿಪ್ಪುಗಳ ಕಾಟ ಕಡಿಮೆ. ಹಾಗೆಂದು ಸಾಗಣೆ ಪಟ್ಟಿಯ ಮೇಲೆ ಅಯಸ್ಕಾಂತವೊಂದನ್ನು ತೂಗುಹಾಕಿ ನಿಶ್ಚಿಂತೆಯಿಂದಿರಲು ಬರುವುದಿಲ್ಲ. ಹಿತ್ತಾಳೆ ಮತ್ತು ತಾಮ್ರದ ರಿವೆಟ್ಟುಗಳನ್ನು ಅಯಸ್ಕಾಂತ ಸೆಳೆಯುವುದಿಲ್ಲ, ಅಂಥದ್ದೊಂದು ಹಿಂಜುವ ಸಿಲಿಂಡರಿಗೆ ಹೊಕ್ಕರೆ ಹಲ್ಲುಗಳು ಮುರಿಯುತ್ತವೆ, ಮುರಿದ ಉಕ್ಕಿನ ಹಲ್ಲುಗಳಿಂದ ಕಿಡಿಯೂ ಹಾರಬಹುದು. ಹೀಗಾಗಿ ಕೈಯಿಂದ ಆರಿಸುವುದು ಅನಿವಾರ್ಯ. ಆರಿಸುವ ಹೆಣ್ಣುಮಕ್ಕಳು ಪ್ರತಿ ಚೂರನ್ನೂ ಅಡ್ಡಕ್ಕೆ ಒಮ್ಮೆ ಎಳೆದು ನೋಡುತ್ತಾರೆ. ಹಿಗ್ಗಿ ಮತ್ತೆ ಕುಗ್ಗಿದರೆ ಅದರಲ್ಲಿ ಲೈಕ್ರಾ ಇದೆ ಎಂದರ್ಥ. ಲೈಕ್ರಾ ಎಳೆ ಹಲ್ಲಿಗೆ ಸಿಕ್ಕಿದಾಗ ಹರಿಯುವುದಿಲ್ಲ, ರಬ್ಬರಿನಂತೆ ಎಳೆದುಕೊಂಡು ಹೋಗಿ ಸುತ್ತಲಿನ ನಾರನ್ನೆಲ್ಲ ಸೇರಿಸಿ ಗಂಟು ಕಟ್ಟುತ್ತದೆ. ಆ ಗಂಟು ಕೊನೆಯ ಹಾಳೆಯಲ್ಲಿ ರೆಸಿನ್ ಹೊಗದ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಹಿಗ್ಗುವ ಜೀನ್ಸೇ ಈಗ ಹೆಚ್ಚಾಗಿ ಹೊಲಿಯಲ್ಪಡುವುದರಿಂದ ಆರಿಸುವ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿದೆ.

ಇನ್ನೊಂದು ಸಂಗತಿಯನ್ನು ಹೊರಗಿನವರು ಗಮನಿಸುವುದಿಲ್ಲ. ಜೀನ್ಸನ್ನು ತೊಳೆಯುವುದು ಹೊಲಿದ ಮೇಲೆ. ಆದ್ದರಿಂದ ನಮ್ಮ ಚಿಂದಿಯಲ್ಲಿ ನೇಯುವಾಗ ಹಾಸಿನ ನೂಲಿಗೆ ಹಾಕಿದ ಗಂಜಿ ಹಾಗೆಯೇ ಉಳಿದಿರುತ್ತದೆ. ಹಿಂಜುವಾಗ ಆ ಗಂಜಿ ನೀಲಿಯ ಜತೆ ಧೂಳಾಗಿ ಏಳುತ್ತದೆ, ಮಳೆಗಾಲದಲ್ಲಿ ತೇವವನ್ನೂ ಹೀರುತ್ತದೆ. ಮೊದಲ ಸಿಲಿಂಡರಿನ ನಂತರವೇ ಧೂಳನ್ನು ಎಳೆದು ತೆಗೆಯುವ ವ್ಯವಸ್ಥೆ ಇರದಿದ್ದರೆ, ಮುಂದೆ ಹಾಕುವ ರೆಸಿನ್ನಿನ ಒಂದು ಪಾಲು ನಾರಿಗೆ ಅಂಟುವ ಬದಲು ಈ ಧೂಳಿಗೇ ಅಂಟಿ ವ್ಯರ್ಥವಾಗುತ್ತದೆ.

ಹಿಂಜಿದ ನಾರು ಗಿಡ್ಡ. ಹತ್ತಿಯಾಗಿದ್ದಾಗ 28 ಮಿಲಿಮೀಟರಿನ ಆಸುಪಾಸಿನಲ್ಲಿದ್ದ ಉದ್ದ, ಬಿಗಿಯಾಗಿ ಹುರಿಗೊಂಡ ಡೆನಿಮ್ ನೂಲನ್ನು ಹರಿದ ಮೇಲೆ ಅರ್ಧಕ್ಕೂ ಇಳಿದಿರುತ್ತದೆ. ಇಂಥ ನಾರು, ನಾರನ್ನು ಬಾಚಿ ಹಾಳೆ ಮಾಡುವ ಕಾರ್ಡಿಂಗ್ ಯಂತ್ರದ ಮೇಲೆ ನಿಲ್ಲುವುದಿಲ್ಲ. ಆದ್ದರಿಂದ ಗಾಳಿಯಲ್ಲಿ ತೂರಿ, ರಂಧ್ರಗಳಿರುವ ಪಟ್ಟಿಯ ಮೇಲೆ ಕೆಳಗಿನಿಂದ ಎಳೆದು ಕೂರಿಸುವ ಏರ್‌ಲೇ ವಿಧಾನವನ್ನೇ ನಾವು ಹಿಡಿದೆವು. ಇದರಿಂದ ನಾರುಗಳು ಎಲ್ಲ ದಿಕ್ಕಿಗೂ ಹರಡಿ ಮಲಗುತ್ತವೆ, ಅಚ್ಚಿನ ಆಳಕ್ಕೆ ಇಳಿಯುವಾಗ ಹಾಳೆ ಒಂದೇ ಕಡೆ ಸೀಳುವುದಿಲ್ಲ. ಸ್ವಲ್ಪ ಉದ್ದನೆಯ ಪಾಲಿಯೆಸ್ಟರ್ ನಾರನ್ನೂ, ನೂರಕ್ಕೆ ಹತ್ತರಷ್ಟು, ಸೇರಿಸುತ್ತೇವೆ. ಅದಿಲ್ಲದಿದ್ದರೆ ಹಾಳೆಯನ್ನು ಎತ್ತಿ ಅಚ್ಚಿನ ಮೇಲೆ ಇಡುವಷ್ಟರಲ್ಲೇ ಅದು ಬಿಚ್ಚಿಕೊಳ್ಳುತ್ತದೆ.

ರೆಸಿನ್ ಬೀಳುವುದು ಈ ಗಾಳಿಯ ಹಾದಿಯಲ್ಲಿಯೇ. ನಾವು ಬಳಸುವುದು ನೊವೊಲ್ಯಾಕ್ ಜಾತಿಯ ಫೀನಾಲಿಕ್ ಪುಡಿ. ನೊವೊಲ್ಯಾಕ್ ತಾನಾಗಿ ಎಷ್ಟು ಕಾಯಿಸಿದರೂ ಕರಗಿ ಮತ್ತೆ ಗಟ್ಟಿಯಾಗುತ್ತದೆಯೇ ಹೊರತು ಬೇಯುವುದಿಲ್ಲ. ಅದರ ಜತೆ ಅರೆದು ಬೆರೆಸಿದ ಹೆಕ್ಸಮೀನ್, ಸಾಮಾನ್ಯವಾಗಿ ನೂರಕ್ಕೆ ಎಂಟರಿಂದ ಹನ್ನೆರಡು ಭಾಗ, ಬಿಸಿಗೆ ಒಡೆದು ರೆಸಿನ್ನಿನ ಅಣುಸರಪಳಿಗಳ ನಡುವೆ ಕೊಂಡಿ ಹಾಕಿದಾಗಲೇ ಅದು ಮರಳಿ ಕರಗದ ಸ್ಥಿತಿಗೆ ಬರುತ್ತದೆ. ಆಗ ಅಮೋನಿಯಾ ಹೊರಬೀಳುತ್ತದೆ. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಬೇಕಲೈಟ್ ಮಾಡಿದ್ದೂ ಫೀನಾಲು ಮತ್ತು ಫಾರ್ಮಾಲ್ಡಿಹೈಡುಗಳ ಇದೇ ಕುಲದಿಂದ. ಹಾಳೆಯ ಒಟ್ಟು ತೂಕದಲ್ಲಿ ರೆಸಿನ್ ನಮ್ಮಲ್ಲಿ 28ರಿಂದ 32 ಪ್ರತಿಶತ; ಅದಕ್ಕಿಂತ ಕಡಿಮೆಯಾದರೆ ತುದಿಗಳು ಜೋತುಬೀಳುತ್ತವೆ, ಹೆಚ್ಚಾದರೆ ಹಾಳೆ ಹಲಗೆಯಾಗಿ ಶಬ್ದವನ್ನು ಹೀರುವ ಗುಣವನ್ನೇ ಕಳೆದುಕೊಳ್ಳುತ್ತದೆ. ಕೆಳಗಿನಿಂದ ಎಳೆಯುವ ಗಾಳಿ ಜೋರಾದರೆ ಪುಡಿಯೆಲ್ಲ ತಳಕ್ಕೆ ಇಳಿದು ಮೇಲ್ಮೈ ಬಡವಾಗುತ್ತದೆ. ಹಾಳೆಯನ್ನು ದಪ್ಪದಲ್ಲಿ ಎರಡಾಗಿ ಸೀಳಿ, ಎರಡನ್ನೂ ಬೇರೆ ಬೇರೆ ತೂಗಿ, ರೆಸಿನ್ ಕರಗಿ ಹೋಗುವಂತೆ ಮೆಥನಾಲಿನಲ್ಲಿ ತೊಳೆದು ಒಣಗಿಸಿ ಮತ್ತೆ ತೂಗಿದರೆ ಇದು ತಿಳಿಯುತ್ತದೆ. ಪಾಳಿಗೊಮ್ಮೆ ಈ ಪರೀಕ್ಷೆಯನ್ನು ಮಾಡದೆ ನಾನು ರೋಲನ್ನು ಮುಂದಕ್ಕೆ ಬಿಡುವುದಿಲ್ಲ.

ಈಗ ಅರೆಬೇಯಿಸುವ ಹಂತ. ಪುಡಿ ಹೊತ್ತ ಹಾಳೆ ಉದ್ದನೆಯ ಓವನ್ನಿನ ಒಳಗೆ ಪಟ್ಟಿಯ ಮೇಲೆ ಸಾಗುತ್ತದೆ. ಒಳಗಿನ ಗಾಳಿ 120ರಿಂದ 140 ಡಿಗ್ರಿಯ ನಡುವೆ. ಗಾಳಿಯ ಬಿಸಿಯನ್ನು ನಂಬಿ ನಾರಿನ ಬಿಸಿಯನ್ನು ಅಂದಾಜು ಮಾಡಬಾರದು. ಹತ್ತಿಯಲ್ಲಿ ಸಹಜವಾಗಿ ನೂರಕ್ಕೆ ಏಳೆಂಟು ಭಾಗ ತೇವವಿರುತ್ತದೆ. ಅದು ಆವಿಯಾಗಿ ಹೋಗುವವರೆಗೆ ಹಾಳೆಯ ಹೊಟ್ಟೆ ಬಿಸಿಯೇರುವುದಿಲ್ಲ, ಹೋದ ಮರುಕ್ಷಣವೇ ಏರತೊಡಗುತ್ತದೆ. ರೆಸಿನ್ ಕರಗಿ ನಾರಿಗೆ ಅಂಟಿಕೊಂಡು, ಕೊಂಡಿ ಹಾಕುವ ಕೆಲಸ ಆಗತಾನೇ ಶುರುವಾಗುವ ಆ ಸಣ್ಣ ಅವಧಿಯಲ್ಲೇ ಹಾಳೆ ಹೊರಗೆ ಬಂದು ತಣ್ಣನೆಯ ಗಾಳಿಯ ಕೆಳಗೆ ನಿಲ್ಲಬೇಕು. ಜೋಳದ ರೊಟ್ಟಿ ಮೆತ್ತಗಿದ್ದಾಗ ಹೇಗೆ ಬೇಕಾದರೂ ಮಡಚಬಹುದು, ಖಡಕ್ ಆದ ಮೇಲೆ ಮುರಿಯಬಹುದಷ್ಟೆ. ಹಾಳೆಯ ಸಂಗತಿಯೂ ಅದೇ. ಬಳ್ಳಾರಿಯ ಒಣಹವೆಯಲ್ಲಿ ಏಪ್ರಿಲ್ ತಿಂಗಳ ಚಿಂದಿಗೂ ಸೆಪ್ಟೆಂಬರಿನ ಚಿಂದಿಗೂ ತೇವದಲ್ಲಿ ಎದ್ದು ಕಾಣುವ ವ್ಯತ್ಯಾಸವಿರುವುದರಿಂದ, ಪಟ್ಟಿಯ ವೇಗವನ್ನು ಗೋಡೆಯ ಮೇಲೆ ಬರೆದು ವರ್ಷವಿಡೀ ಪಾಲಿಸುವುದು ಆಗದ ಮಾತು. ಹಾಳೆಯ ನಡುವೆ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ತೂರಿಸಿ, ಓವನ್ನಿನ ಒಳಗೆ ಹಾಳೆಯ ಜತೆಯಲ್ಲೇ ಸಾಗಿಸಿ, ಬಂದ ರೇಖೆಯನ್ನು ನೋಡಿ ವೇಗವನ್ನು ನಿರ್ಧರಿಸುತ್ತೇವೆ.

ಹೊರಬಂದ ತುಂಡೊಂದನ್ನು ಅಸಿಟೋನಿನಲ್ಲಿ ನೆನೆಸಿದರೆ ಹಂತ ಎಲ್ಲಿಗೆ ಬಂದಿದೆ ಎಂಬುದು ಗೊತ್ತಾಗುತ್ತದೆ. ದ್ರಾವಣ ಕೂಡಲೇ ದಟ್ಟವಾದರೆ ರೆಸಿನ್ ಇನ್ನೂ ಹಸಿ, ಅಚ್ಚಿನಲ್ಲಿ ಹರಿದು ಮೇಲ್ಮೈಯಲ್ಲಿ ಕಲೆ ಮಾಡುತ್ತದೆ. ದ್ರಾವಣ ತಿಳಿಯಾಗಿಯೇ ಉಳಿದರೆ ಹಾಳೆ ಸತ್ತಂತೆ, ಯಾವ ಅಚ್ಚಿಗೂ ಬಗ್ಗುವುದಿಲ್ಲ.

ಅರೆಬೆಂದ ರೋಲು ಗೋದಾಮಿನಲ್ಲಿಯೂ ಬೇಯುತ್ತಲೇ ಇರುತ್ತದೆ, ಬಹಳ ನಿಧಾನವಾಗಿ. ತಗಡಿನ ಮಾಳಿಗೆಯ ಕೆಳಗೆ ಮೇ ತಿಂಗಳಲ್ಲಿ ಅದು ಅಷ್ಟು ನಿಧಾನವೂ ಅಲ್ಲ. ರೆಸಿನ್ ಪುಡಿಗೂ ಇದೇ ಕಷ್ಟ. ಚೀಲದ ಮೇಲೆ ಚೀಲ ಒಟ್ಟಿದರೆ ಕೆಳಗಿನ ಚೀಲದಲ್ಲಿ ಪುಡಿ ಇಟ್ಟಿಗೆಯಾಗುತ್ತದೆ, ಅದನ್ನು ಒಡೆದು ಬಳಸಿದರೆ ಹಾಳೆಯಲ್ಲಿ ಕಂದು ಚುಕ್ಕೆಗಳೇಳುತ್ತವೆ. ಪುಡಿಗೆ ಹವಾನಿಯಂತ್ರಿತ ಕೋಣೆ, ರೋಲುಗಳಿಗೆ ದಪ್ಪ ಗೋಡೆಯ ತಂಪು ಕೋಣೆ, ಬೇಸಿಗೆಯಲ್ಲಿ ಸಣ್ಣ ಸಣ್ಣ ಪ್ರಮಾಣದ ಖರೀದಿ, ಇವು ನಮ್ಮ ವ್ಯವಸ್ಥೆ. ಕರೆಂಟಿನ ಬಿಲ್ಲು ನೋಡಿ ಇದನ್ನು ದುಂದು ಎಂದವರಿದ್ದಾರೆ. ತಿರಸ್ಕೃತ ಹಾಳೆಗಳ ಲೆಕ್ಕ ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಒತ್ತುವ ಕೆಲಸದಲ್ಲಿ ಅಚ್ಚು 180ರಿಂದ 200 ಡಿಗ್ರಿಯಲ್ಲಿರುತ್ತದೆ, ಒಂದರಿಂದ ಒಂದೂವರೆ ನಿಮಿಷ ಸಾಕಾಗುತ್ತದೆ. ಚದರ ಮೀಟರಿಗೆ 1200 ಗ್ರಾಂ ಇರುವ ಒಂದೇ ಹಾಳೆಯನ್ನು ನಡುವೆ 6 ಮಿಲಿಮೀಟರಿಗೆ ಒತ್ತಿದರೆ ಸಾಂದ್ರತೆ ಘನ ಮೀಟರಿಗೆ 200 ಕಿಲೋ. ಅಂಚಿನಲ್ಲಿ 2 ಮಿಲಿಮೀಟರಿಗೆ ಒತ್ತಿದರೆ 600 ಕಿಲೋ. ಹೀಗೆ ನಡುಭಾಗ ಶಬ್ದ ಹೀರುವಷ್ಟು ಮೆತ್ತಗೆ, ಅಂಚು ಕ್ಲಿಪ್ಪು ಹಿಡಿಯುವಷ್ಟು ಗಟ್ಟಿಯಾಗಿ ಒಂದೇ ಏಟಿಗೆ ಬರುವುದು ಈ ವಸ್ತುವಿನ ದೊಡ್ಡ ಅನುಕೂಲ. ಪ್ರೆಸ್ ಮುಚ್ಚಿದ ಕೆಲವೇ ಸೆಕೆಂಡಿಗೆ ಒಮ್ಮೆ ಕೂದಲೆಳೆಯಷ್ಟು ತೆರೆದು ಆವಿ ಮತ್ತು ಅಮೋನಿಯಾವನ್ನು ಹೊರಬಿಡದಿದ್ದರೆ ಹಾಳೆಯ ಹೊಟ್ಟೆ ಉಬ್ಬುತ್ತದೆ. ನಮ್ಮ ಪ್ರೆಸ್ ನಡೆಸುವವರು ಅನುಭವಸ್ಥರು, “ಸಾರ್, ವಾಸನಿ ನಿಂತೈತಿ, ತೆಗೀಲೇನ್ರೀ?” ಎಂದು ಕೇಳುತ್ತಾರೆ, ಬಹುತೇಕ ಸಲ ಅವರ ಮೂಗು ಸರಿಯಾಗಿಯೇ ಇರುತ್ತದೆ. ಆದರೂ ಟೈಮರ್ ಮುಗಿಯದೆ ತೆಗೆಯಲು ನಾನು ಒಪ್ಪುವುದಿಲ್ಲ, ಮೂಗಿನಿಂದ ಅಮೋನಿಯಾ ಅಳೆಯುವ ಅಭ್ಯಾಸವೂ ಒಳ್ಳೆಯದಲ್ಲ. ಪ್ರೆಸ್ಸಿನ ಮೇಲೆ ಹೊಗೆ ಎಳೆಯುವ ಹುಡ್ ಇರುವುದು ಅದು ಮೂಗಿಗೆ ಬರಬಾರದೆಂದೇ. ಆ ಹೊಗೆಯಲ್ಲಿ ಅಮೋನಿಯಾದ ಜತೆ ಬರಬಹುದಾದ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿದೆ.

ಮೇಲ್ಮೈಗೆ ಹೊದಿಸುವ, ನೇಯದೆ ಮಾಡಿದ ಕಪ್ಪು ನಾನ್‌ವೋವನ್ ಬಟ್ಟೆಯ ಬಗ್ಗೆ ಒಂದು ಮಾತು. ಕೈಚೀಲಕ್ಕೆ ಬಳಸುವ ಅಗ್ಗದ ಬಟ್ಟೆ ಪಾಲಿಪ್ರೊಪಿಲೀನಿನದು. ಸುಮಾರು 165 ಡಿಗ್ರಿಯಲ್ಲೇ ಕರಗಿ ಅಚ್ಚಿಗೆ ಮೆತ್ತಿಕೊಳ್ಳುತ್ತದೆ. 250 ಡಿಗ್ರಿ ದಾಟಿದ ಮೇಲೆ ಕರಗುವ ಪಾಲಿಯೆಸ್ಟರ್ ಸ್ಪನ್‌ಬಾಂಡ್ ಮಾತ್ರ ಇಲ್ಲಿ ಸಲ್ಲುತ್ತದೆ. ನೋಡಲು ಎರಡೂ ಒಂದೇ ತೆರನಾಗಿರುವುದರಿಂದ, ಬಂದ ಪ್ರತಿ ರೋಲಿನ ತುಂಡನ್ನು ಬಿಸಿ ಅಚ್ಚಿನ ಮೂಲೆಗೆ ತಾಗಿಸಿ ನೋಡಿದ ಮೇಲೆಯೇ ಒಳಗೆ ತೆಗೆದುಕೊಳ್ಳುತ್ತೇವೆ.

ಧೂಳಿನ ವಿಷಯದಲ್ಲಿ ಮಾತ್ರ ನಾನು ಯಾರ ಮುಲಾಜಿಗೂ ಒಳಗಾಗುವುದಿಲ್ಲ. 2003ರ ಫೆಬ್ರವರಿ 20ರಂದು ಅಮೆರಿಕದ ಕೆಂಟಕಿ ರಾಜ್ಯದ ಕಾರ್ಬಿನ್ ಪಟ್ಟಣದಲ್ಲಿ, ನಮ್ಮಂತೆಯೇ ವಾಹನಗಳ ನಿರೋಧಕ ಹಾಳೆ ಮಾಡುವ ಕಾರ್ಖಾನೆಯಲ್ಲಿ ಫೀನಾಲಿಕ್ ರೆಸಿನ್ನಿನ ಧೂಳು ಸ್ಫೋಟಿಸಿ 7 ಜನ ಕಾರ್ಮಿಕರು ಸತ್ತರು. ಶುಚಿ ಮಾಡುವಾಗ ಎದ್ದ ಧೂಳಿಗೆ, ಬಾಗಿಲು ತೆರೆದಿದ್ದ ಓವನ್ನಿನೊಳಗಿನ ಬೆಂಕಿ ತಗುಲಿತೆಂಬುದು ತನಿಖೆಯ ನಿರ್ಣಯ. ಬಳ್ಳಾರಿಯ ಒಣಗಾಳಿಯಲ್ಲಿ ಸ್ಥಿರವಿದ್ಯುತ್ತಿನ ಕಿಡಿಯ ಭಯವೂ ಸೇರಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಪೈಪಿಗೂ ಫಿಲ್ಟರ್ ಚೀಲಗಳ ಚೌಕಟ್ಟಿಗೂ ಅರ್ಥಿಂಗ್ ಇದೆ. ಕಂಪ್ರೆಸರ್ ಗಾಳಿಯಿಂದ ಧೂಳು ಊದುವುದು, ಓಡುತ್ತಿರುವ ಯಂತ್ರದ ಬಳಿ ಕಸ ಗುಡಿಸುವುದು ಎರಡೂ ನಿಷಿದ್ಧ. ತೊಲೆಗಳ ಮೇಲೆ ಕೂತ ಪುಡಿಯನ್ನು ಸ್ಫೋಟನಿರೋಧಕ ವ್ಯಾಕ್ಯೂಮಿನಿಂದಲೇ ತೆಗೆಯುತ್ತೇವೆ.

ಕತ್ತರಿಸಿ ಉಳಿದ ಅಂಚುಗಳಲ್ಲಿ ಅರೆಬೆಂದದ್ದನ್ನು ಮತ್ತೆ ಹಿಂಜಿ ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಪೂರ್ತಿ ಬೆಂದದ್ದು ಕರಗುವುದಿಲ್ಲವಾದ್ದರಿಂದ ಅರೆದು ಭರ್ತಿಪುಡಿಯಾಗಿ ಕೊಡುವುದೊಂದೇ ದಾರಿ, ಅದಕ್ಕೆ ಸಿಗುವ ಬೆಲೆ ಸಾಗಣೆಗೆ ಸರಿಹೋಗುತ್ತದೆ. ಈ ಉದ್ಯೋಗಕ್ಕೆ ಇಳಿಯಬೇಕೆಂದು ರಾಯಚೂರು, ಕೊಪ್ಪಳದ ಕಡೆಯಿಂದ ಕೆಲವರು ನನ್ನನ್ನು ಕೇಳಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟು: ಹಿಂಜುವ ಯಂತ್ರ, ಏರ್‌ಲೇ, ಓವನ್ ಇವುಗಳಿಗೆ ಮೊದಲೇ ಹಣ ಸುರಿಯದೆ, ಅರೆಬೆಂದ ರೋಲುಗಳನ್ನು ಬೇರೆಯವರಿಂದ ಕೊಂಡು ಒಂದು ಪ್ರೆಸ್, ಎರಡು ಅಚ್ಚು ಹಾಕಿ ಒತ್ತುವ ಕೆಲಸವನ್ನಷ್ಟೇ ಒಂದು ಬೇಸಿಗೆ, ಒಂದು ಮಳೆಗಾಲ ನಡೆಸಿ ನೋಡಬೇಕು; ಯಾವ ರೋಲು ಏಕೆ ಕೈಕೊಟ್ಟಿತೆಂದು ಅಸಿಟೋನಿನ ಬಟ್ಟಲು ನೋಡಿ ಹೇಳಲು ಬಂದ ಮೇಲೆ ಓವನ್ನಿನ ಮಾತು ಆಡಬಹುದು.