ವಿಕಲಚೇತನ ಮಕ್ಕಳಿಗೆ ಹದಿನೆಂಟು ತುಂಬುವ ಮುನ್ನ ಏನೇನು ಮಾಡಬೇಕು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಹಾಸನದ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯ ಮುಂದೆ ಒಮ್ಮೆ ನಿಂತು ನೋಡಿ. ಅರಕಲಗೂಡು, ಬೇಲೂರು, ಅರಸೀಕೆರೆ ಕಡೆಯಿಂದ ಬಂದ ಅಪ್ಪ ಅಮ್ಮಂದಿರ ಕೈಯಲ್ಲಿ ಬಟ್ಟೆ ಅಂಗಡಿಯ ಕವರು, ಅದರೊಳಗೆ ಮಡಿಕೆಯಲ್ಲೇ ಹರಿದ ಪ್ರಮಾಣಪತ್ರ, ಬಾಯಲ್ಲಿ ಒಂದೇ ಪ್ರಶ್ನೆ: “ಶಾಲೆ ಮುಗಿಯಿತು, ಇನ್ನು ಮುಂದೆ?” ಅಲ್ಲಿಯತನಕ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರು (ವಿಕಲಚೇತನ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು) ವಿಚಾರಿಸಿಕೊಳ್ಳುತ್ತಿದ್ದರು. ಶಾಲೆಯ ಹಾಜರಿಯಿಂದ ಹೆಸರು ಹೋದ ದಿನ ಆ ವಿಚಾರಣೆಯೂ ನಿಲ್ಲುತ್ತದೆ. ಶಿಕ್ಷಣ ಇಲಾಖೆಯ ಕಡತ ತಾನಾಗಿ ವಿಕಲಚೇತನರ ಇಲಾಖೆಗೆ ಹೋಗುವುದಿಲ್ಲ. ಮನೆಯವರೇ ಒಯ್ಯಬೇಕು. ಹತ್ತನೆಯ ತರಗತಿ ಮುಗಿದ ಮೇಲೆ ಈ ಕೆಲಸ ಹಿಡಿದವರ ಮಕ್ಕಳು ಒಂದೆರಡು ವರ್ಷ ಜಗಲಿಯಲ್ಲಿ ಕುಳಿತು ಕಳೆಯುವುದನ್ನು ಬೇಕಾದಷ್ಟು ನೋಡಿದ್ದೇನೆ. ಎಂಟನೆಯ ತರಗತಿಯಲ್ಲೇ ಶುರು ಮಾಡಿ.

ಮೊದಲು ಕಡತ

ಒಂದು ಗಟ್ಟಿ ಬಾಕ್ಸ್ ಫೈಲು ಕೊಳ್ಳಿ. ಜನನ ಪ್ರಮಾಣಪತ್ರ, ಆಧಾರ್, ಯುಡಿಐಡಿ ಕಾರ್ಡು (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ), ಅಂಗವಿಕಲತೆಯ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪತ್ರ, ಆಸ್ಪತ್ರೆಯ ಹಳೆಯ ಚೀಟಿಗಳು ಎಲ್ಲವೂ ಅದರಲ್ಲಿರಲಿ. ಪ್ರಮಾಣಪತ್ರಕ್ಕೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಶಾಖಕ್ಕೆ ಮೊಹರು ಮಸುಕಾದರೆ ಮತ್ತೆ ತೆಗೆಯಲು ಬರುವುದಿಲ್ಲ. ಪಾರದರ್ಶಕ ಹಾಳೆಯ ಚೀಲ ಸಾಕು.

ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ ಹೆಸರು ಮತ್ತು ಇನಿಷಿಯಲ್‌ ತಾಳೆ ನೋಡಿ. ಶಾಲೆಯಲ್ಲಿ ‘ಮಂಜುನಾಥ ಕೆ.ಎಸ್.’, ಆಧಾರ್‌ನಲ್ಲಿ ‘ಮಂಜ’ ಎಂದಿದ್ದರೆ ಈಗಲೇ ಸರಿಪಡಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿಗೆ ಓಡಾಡುವ ಕಷ್ಟ ಶತ್ರುವಿಗೂ ಬೇಡ. ಹದಿನೈದು ತುಂಬಿದಾಗ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಕೊಡಲಾಗದ ಮಕ್ಕಳಿಗೆ ನಿಯಮದಲ್ಲೇ ವಿನಾಯಿತಿ ಇದೆ. ಸೇವಾ ಕೇಂದ್ರದವರು “ಆಗುವುದಿಲ್ಲ” ಎಂದರೆ ಬೇರೆ ಕೇಂದ್ರಕ್ಕೆ ಹೋಗಿ.

ಪ್ರಮಾಣಪತ್ರದ ನವೀಕರಣ

ಮಗು ಚಿಕ್ಕದಿದ್ದಾಗ ಕೊಟ್ಟ ಪ್ರಮಾಣಪತ್ರ ಅನೇಕ ವೇಳೆ ತಾತ್ಕಾಲಿಕವಾಗಿರುತ್ತದೆ. ಕೊನೆಯ ಸಾಲಿನಲ್ಲಿ ಅವಧಿ ಬರೆದಿರುತ್ತದೆ, ಯಾರೂ ಓದಿರುವುದಿಲ್ಲ. ಬೌದ್ಧಿಕ ವೈಕಲ್ಯಕ್ಕೆ 5, 10 ಮತ್ತು 18ನೇ ವಯಸ್ಸಿನಲ್ಲಿ, ನಿರ್ದಿಷ್ಟ ಕಲಿಕಾ ವೈಕಲ್ಯಕ್ಕೆ (ಓದು, ಬರಹ, ಲೆಕ್ಕದ ತೊಡಕು) ನಿಗದಿತ ಹಂತಗಳಲ್ಲಿ ತಪಾಸಣೆ ಆಗಬೇಕು. ಹದಿನೆಂಟರಲ್ಲಿ ಸಿಗುವ ಪತ್ರ ಜೀವನಪೂರ್ತಿ ನಡೆಯುತ್ತದೆ. ಹಾಸನದವರಿಗೆ ಹಿಮ್ಸ್ ಆಸ್ಪತ್ರೆ, ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾಸ್ಪತ್ರೆ. ತಜ್ಞರು ತಪಾಸಣೆಗೆ ಕೂರುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ. ಕಳಸದಿಂದಲೋ ಶೃಂಗೇರಿಯಿಂದಲೋ ಮಳೆಗಾಲದಲ್ಲಿ ಹೊರಟು ಬಂದು, “ನಾಳೆ ಬನ್ನಿ” ಎನ್ನಿಸಿಕೊಳ್ಳುವುದು ಸಣ್ಣ ಶಿಕ್ಷೆಯಲ್ಲ.

ತಪಾಸಣೆಯಲ್ಲಿ ಮಗುವಿನ ಪರವಾಗಿ ನೀವು ಉತ್ತರಿಸಬೇಡಿ. ಶೇಕಡಾವಾರು ಏರಿಸಿ ಕೊಡುತ್ತೇನೆಂದು ಗೇಟಿನ ಬಳಿ ಮಾತಿಗಿಳಿಯುವವನಿಂದ ದೂರವಿರಿ. ಬಹುತೇಕ ಸೌಲಭ್ಯಗಳಿಗೆ ಶೇ 40 ಸಾಕು. ಮೇಲಾಗಿ ಸಿಇಟಿ ಸೀಟಿನ ಸಮಯದಲ್ಲಿ ಪರೀಕ್ಷಾ ಪ್ರಾಧಿಕಾರ ತನ್ನದೇ ವೈದ್ಯಕೀಯ ತಪಾಸಣೆ ನಡೆಸುತ್ತದೆ. ಏರಿಸಿದ್ದು ಅಲ್ಲಿ ಇಳಿಯುತ್ತದೆ.

ಶಾಲೆಯಿಂದ ಹೊರಡುವಾಗ

ಪರೀಕ್ಷೆಗೆ ಬರಹಗಾರ ಬೇಕಿದ್ದರೆ ಮುಖ್ಯ ಶಿಕ್ಷಕರಿಗೆ ಅರ್ಜಿಯನ್ನು ಮೊದಲೇ ಕೊಡಿ. ಬರೆಯುವವರು ಕೆಳಗಿನ ತರಗತಿಯವರಾಗಿರಬೇಕು, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೇಳಿ ಪಡೆಯಬೇಕು. ಟಿ.ಸಿ. ಜೊತೆಗೆ ಸಂಪನ್ಮೂಲ ಶಿಕ್ಷಕರಿಂದ ಒಂದು ಪುಟದ ಬರಹ ಕೇಳಿ: ಈ ಹುಡುಗಿ ಏನನ್ನು ತಾನೇ ಮಾಡುತ್ತಾಳೆ, ಎಲ್ಲಿ ನೆರವು ಬೇಕು, ಸಿಟ್ಟು ಬಂದಾಗ ಏನು ಮಾಡಿದರೆ ಸಮಾಧಾನವಾಗುತ್ತದೆ. ಹೊಸ ಕಾಲೇಜಿನವರಿಗೆ ಅಂಕಪಟ್ಟಿಗಿಂತ ಈ ಪುಟ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ 5 ಸೀಟು ಮೀಸಲು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ. ಡಿಪ್ಲೊಮಾ ಬಯಸುವವರು ಮೈಸೂರಿನ ಜೆಎಸ್‌ಎಸ್ ವಿಶೇಷಚೇತನರ ಪಾಲಿಟೆಕ್ನಿಕ್ ನೋಡಿ ಬರಬಹುದು. ಹತ್ತನೆಯ ತರಗತಿ ದಾಟಲಾಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ.

ಶ್ರವಣದೋಷವಿರುವ ಮಕ್ಕಳ ಮನೆಯವರಿಗೆ ಇನ್ನೊಂದು ಮಾತು. ಕಾಲೇಜಿಗೆ ಹೊರಟಿದ್ದಾನೆ ಎಂದು ಆನ್‌ಲೈನ್‌ನಲ್ಲಿ ಅಗ್ಗದ ‘ಕಿವಿ ಯಂತ್ರ’ ತರಿಸಬೇಡಿ. ಅದು ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುವ ಧ್ವನಿವರ್ಧಕ, ಅಷ್ಟೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, ಆ ಕಿವಿಗೆ ಹೊಂದಿಸಿದ ಯಂತ್ರವನ್ನೇ ಹಾಕಿಸಿ. ಗಾಲಿಕುರ್ಚಿಗೂ ಇದೇ ಮಾತು. ಆಸ್ಪತ್ರೆಯ ನುಣುಪು ನೆಲಕ್ಕೆಂದು ಮಾಡಿದ ಸಣ್ಣ ಮುಂದಿನ ಗಾಲಿಯ ಕುರ್ಚಿ ಮೂಡಿಗೆರೆಯ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯ ಅಂಗಳದಲ್ಲಿ ಮೊದಲ ಮಳೆಗೇ ಹೂತು ನಿಲ್ಲುತ್ತದೆ.

ಹದಿನೆಂಟು ತುಂಬಿದಾಗ: ಪಾಲಕತ್ವ

ಪಾಲಕತ್ವ ಎಂದರೆ ವಯಸ್ಕರಾದವರ ಪರವಾಗಿ ಸಹಿ ಹಾಕಲು, ತೀರ್ಮಾನಿಸಲು ಕಾನೂನು ಕೊಡುವ ಅಧಿಕಾರ. ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಬೇಕಾದವರು ಮಾಡಿಸುವುದಿಲ್ಲ, ಬೇಡದವರು ಮಾಡಿಸಲು ಓಡಾಡುತ್ತಾರೆ.

ಬೇಡದವರ ಮಾತು ಮೊದಲು. ಕಣ್ಣು ಕಾಣದ, ಕಿವಿ ಕೇಳದ, ಕೈಕಾಲಿಗೆ ತೊಂದರೆಯಿರುವ ಯುವಕ ಯುವತಿಯರಿಗೆ ಹದಿನೆಂಟಾದ ಮೇಲೆ ಯಾವ ಪಾಲಕರೂ ಬೇಕಿಲ್ಲ. ಆಸ್ತಿ ಹೊಂದುವ, ತಮ್ಮ ಹಣಕಾಸು ತಾವೇ ನೋಡಿಕೊಳ್ಳುವ ಹಕ್ಕು 2016ರ ಕಾಯ್ದೆಯಲ್ಲೇ ಇದೆ. ದೃಷ್ಟಿದೋಷವಿರುವವರಿಗೆ ಚೆಕ್ ಪುಸ್ತಕ, ಎಟಿಎಂ ಕಾರ್ಡು ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಆದರೂ ಕೌಂಟರಿನಲ್ಲಿ “ಅಪ್ಪನನ್ನು ಕರೆದುಕೊಂಡು ಬಾ” ಎನ್ನುತ್ತಾರೆ, ಅಪ್ಪನೂ ಹೆಮ್ಮೆಯಿಂದ ಸಹಿ ಹಾಕಿ ಬರುತ್ತಾನೆ. ಹಾಕಬೇಡಿ ಸ್ವಾಮಿ. ಒಮ್ಮೆ ನೀವು ಹಾಕಿದರೆ ಮುಂದೆ ಪ್ರತಿ ಸಲವೂ ನಿಮ್ಮನ್ನೇ ಕೇಳುತ್ತಾರೆ.

ಇನ್ನು ಬೇಕಾಗಬಹುದಾದವರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಈ ನಾಲ್ಕು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ವ್ಯಾಪ್ತಿಯಲ್ಲಿ ಬರುತ್ತವೆ. ಮಗನಿಗೆ ಹದಿನೆಂಟು ತುಂಬಿದ ದಿನ ಅಪ್ಪ ಅಮ್ಮ ಕಾನೂನಿನ ಕಣ್ಣಿನಲ್ಲಿ ಅವನ ಪಾಲಕರಾಗಿ ಉಳಿಯುವುದಿಲ್ಲ ಎಂಬುದನ್ನು ಹೇಳಿದಾಗ ಅನೇಕರು ನಂಬುವುದೇ ಇಲ್ಲ. ಪಾಲಕರನ್ನು ನೇಮಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ ಇರುತ್ತಾರೆ. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂದು ಕಾಯ್ದೆ ಹೇಳುತ್ತದೆ. ಒಂದು ಸಭೆ ತಪ್ಪಿದರೆ ಮುಂದಿನದಕ್ಕೆ ಕಾಯಬೇಕಾಗುವುದರಿಂದ ಹದಿನೇಳರಲ್ಲೇ ಕಾಗದ ಸಿದ್ಧವಿರಲಿ. ಅಂಗವಿಕಲತೆಯ ಪ್ರಮಾಣಪತ್ರದ ನವೀಕರಣ ಬಾಕಿ ಉಳಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಅರ್ಜಿಗೆ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಕೆಲಸಕ್ಕೆ ಪಾಲಕರು ಬೇಕು? ಪಾಲಕರ ಅಗತ್ಯವಿದೆಯೇ, ಯಾವ ಉದ್ದೇಶಕ್ಕೆ ಎಂದು ಸಮಿತಿಯೂ ನೋಡುತ್ತದೆ. ದುಡ್ಡಿನ ಲೆಕ್ಕ ಬಲ್ಲ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವ ಹುಡುಗಿಗೆ ತಾಯಿಯೊಂದಿಗೆ ಜಂಟಿ ಖಾತೆ ಸಾಕಾಗಬಹುದು. 2016ರ ಕಾಯ್ದೆಯಲ್ಲಿ ಸೀಮಿತ ಪಾಲಕತ್ವ ಎಂಬ ದಾರಿಯೂ ಇದೆ. ಅಲ್ಲಿ ಇಬ್ಬರೂ ಕೂಡಿ ತೀರ್ಮಾನಿಸಬೇಕು.

ಯಾರು ಪಾಲಕರಾಗಬೇಕು? ಸದ್ಯಕ್ಕೆ ಅಪ್ಪ ಅಮ್ಮ ಎಂದು ಎಲ್ಲರೂ ಬರೆಯುತ್ತಾರೆ, ಸರಿ. ನಿಮ್ಮ ನಂತರ ಯಾರು ಎಂಬುದನ್ನೂ ಈಗಲೇ ಮನೆಯಲ್ಲಿ ಮಾತಾಡಿ. “ಅಣ್ಣ ಇದ್ದಾನಲ್ಲ” ಎಂದು ತೇಲಿಸಬೇಡಿ. ಅಣ್ಣನನ್ನು ಕೂರಿಸಿ ಕೇಳಿ, ಮದುವೆಯಾಗಿದ್ದರೆ ಅತ್ತಿಗೆಯ ಎದುರಿನಲ್ಲೇ ಕೇಳಿ. ನನ್ನ ಅನುಭವದಲ್ಲಿ ಊರಿನಲ್ಲೇ ಇರುವ ಅಕ್ಕ ಬೆಂಗಳೂರಿನಲ್ಲಿರುವ ಅಣ್ಣನಿಗಿಂತ ಮೇಲು. ಎಲ್ಲಕ್ಕೂ ಮೊದಲು ಆ ಮಗನನ್ನೇ, ಮಗಳನ್ನೇ ಕೇಳಿ. ಮಾತು ಬಾರದವರೂ ಯಾರ ಬಳಿ ಹೋಗಿ ಕೂರುತ್ತಾರೆ ಎಂಬುದರಲ್ಲೇ ಉತ್ತರ ಹೇಳಿರುತ್ತಾರೆ.

ನ್ಯಾಯಾಲಯದ ಬಳಿ ಛಾಪಾ ಕಾಗದದ ಮೇಲೆ ‘ಗಾರ್ಡಿಯನ್ ಅಫಿಡವಿಟ್’ ಬರೆಸಿಕೊಂಡು ಬರುವವರಿದ್ದಾರೆ. ನೋಟರಿ ಮೊಹರು ಪಾಲಕತ್ವದ ಆದೇಶವಲ್ಲ, ದುಡ್ಡು ದಂಡ. ಸಮಿತಿಯ ಪ್ರಮಾಣಪತ್ರವನ್ನು ಖಾತೆ ತೆರೆಯಲು ಒಪ್ಪಬಹುದೆಂದು ರಿಸರ್ವ್ ಬ್ಯಾಂಕ್ ತಿಳಿಸಿದೆ. ಆ ಸುತ್ತೋಲೆಯ ಪ್ರತಿಯೊಂದನ್ನು ಫೈಲಿನಲ್ಲಿಟ್ಟುಕೊಂಡೇ ಬ್ಯಾಂಕಿಗೆ ಹೋಗಿ.

ನೇಮಕವಾದ ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಪಾಸ್ತಿಯ ಪಟ್ಟಿ, ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನು ಪಾಲಕರು ಕೊಡಬೇಕು. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಇದನ್ನು ಮರೆಯುವವರೇ ಹೆಚ್ಚು. ಜೂನ್ ತಿಂಗಳ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಪಾಲಕರ ನೇಮಕವಾದ ಮಾತ್ರಕ್ಕೆ ಮತದಾನದ ಹಕ್ಕು ಹೋಗುವುದಿಲ್ಲ. ಹದಿನೇಳು ತುಂಬಿದವರು ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಹಾಕಬಹುದು.

ಮಾಸಾಶನ, ಖಾತೆ

ಮಾಸಾಶನಕ್ಕೆ ನಾಡಕಚೇರಿ. ಅಪ್ರಾಪ್ತರ ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಿಸಲು ಹೊಸ ಸಹಿ, ಹೊಸ ಕೆವೈಸಿ. ಮೇಲೆ ಹೇಳಿದ ನಾಲ್ಕು ವೈಕಲ್ಯದವರಿಗೆ ನಿರಾಮಯ ಆರೋಗ್ಯ ವಿಮೆ, ಒಂದು ಲಕ್ಷ ರೂಪಾಯಿಯವರೆಗೆ. ಇವುಗಳಲ್ಲಿ ಎಡವಿದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಇದು ಅವರ ಕೆಲಸ.

ಕೆಲಸಕ್ಕೆ ಕಳಿಸುವ ಮುನ್ನ

ತರಬೇತಿಗೆ ಸೇರಿಸಿದ ಮೊದಲ ತಿಂಗಳಲ್ಲೇ ಬಿಟ್ಟು ಬರುವ ಹುಡುಗರಲ್ಲಿ ಹಲವರಿಗೆ ಕೆಲಸ ಬಾರದೇ ಇರುವುದಿಲ್ಲ, ಬಸ್ಸು ಹತ್ತಲು ಬರುವುದಿಲ್ಲ. ಹದಿನಾರರಿಂದಲೇ ಅಭ್ಯಾಸ ಮಾಡಿಸಿ. ಮೊದಲು ಪಕ್ಕದಲ್ಲಿ ಕುಳಿತು, ಆಮೇಲೆ ಹಿಂದಿನ ಸೀಟಿನಲ್ಲಿ, ಕೊನೆಗೆ ನಿಲ್ದಾಣದಲ್ಲಿ ಕಾಯುತ್ತಾ. ಫಲಕ ಓದಲು ಬಾರದವರಿಗೆ ಹೊರಡುವ ಅಂಕಣ ಮತ್ತು ಇಳಿಯುವ ಜಾಗದ ಗುರುತು ಕಲಿಸಿ, ಕಿಸೆಯಲ್ಲಿ ಮನೆಯ ಫೋನ್ ನಂಬರಿನ ಚೀಟಿ ಇರಲಿ. ಮೂರು ತಿಂಗಳ ಸಂಬಳರಹಿತ ‘ತರಬೇತಿ’ ಎನ್ನುವವರಿಗೆ ಒಪ್ಪಬೇಡಿ, ಒಂದು ವಾರ ನೋಡಿ ಸಂಬಳ ಮಾತಾಡಿ. ಕಾಫಿ ಕೊಯ್ಲಿನ ಸಮಯದಲ್ಲಿ ತೋಟಕ್ಕೆ ಕೈ ಬೇಕೆಂದು ತರಬೇತಿ ಬಿಡಿಸಿ ಕರೆತರುವ ಮನೆಗಳಿವೆ. ಫೆಬ್ರವರಿಯಲ್ಲಿ ಅವನನ್ನು ವಾಪಸು ಸೇರಿಸಿಕೊಳ್ಳಲು ಅಲ್ಲಿ ಜಾಗ ಖಾಲಿ ಇರುವುದಿಲ್ಲ.

ರಿಯಾಯಿತಿ ಬಸ್ ಪಾಸಿಗೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ. ವಾಸಸ್ಥಳದಿಂದ ನೂರು ಕಿಲೋಮೀಟರಿನವರೆಗೆ ಅದು ನಡೆಯುತ್ತದೆ. ಹಾಸನದಿಂದ ಚಿಕ್ಕಮಗಳೂರು ಆ ಮಿತಿಯೊಳಗಿದೆ, ಮೈಸೂರು ರಸ್ತೆಯ ಲೆಕ್ಕದಲ್ಲಿ ಆಚೆಗಿದೆ. ಕಂಡಕ್ಟರ್ ಜೊತೆ ವಾದಕ್ಕಿಳಿಯುವ ಮೊದಲು ಉಳಿದ ದೂರದ ಟಿಕೆಟಿಗೆ ಹಣವನ್ನು ಮಗನ ಕೈಯಲ್ಲೇ ಕೊಟ್ಟು ಕಳಿಸಿ.