ನೀರೊಳಗಿನ ಟಾರ್ಚ್‌ಗೆ ಹೊಸ ಎಲ್‌ಇಡಿ ಹಾಕುವುದು ಹೇಗೆ?

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದವರಿಗೆ ಇದು ಗೊತ್ತಿರುತ್ತದೆ. ದೋಣಿಯಲ್ಲಿ ಕಣ್ಣು ಕುಕ್ಕುವ ಟಾರ್ಚ್ ಕೆಳಗಿಳಿದ ಮೇಲೆ ಮಂಕು. ನೀರು ಮೊದಲು ನುಂಗುವುದೇ ಕೆಂಪು ಬಣ್ಣವನ್ನು. ಹತ್ತು ಮೀಟರ್ ಆಳದಲ್ಲಿ ಕೆಂಪು ಮೀನೂ ಬೂದು ಬಣ್ಣದ್ದೇ. ಹಳೆಯ ಟಾರ್ಚಿನ ಎಲ್‌ಇಡಿಯೋ ಮೊದಲೇ ನೀಲಿ ತಿರುಗಿದ ಬಿಳಿ. ಟಾರ್ಚ್ ಗಟ್ಟಿಯಾಗಿದ್ದರೆ ಬರೀ ಎಲ್‌ಇಡಿ ಬದಲಾಯಿಸಿದರೆ ಸಾಕು.

ಇಲ್ಲಿ ಹೇಳುತ್ತಿರುವುದು ಒಂದೇ 18650 ಬ್ಯಾಟರಿಯ (ಬೆರಳುದ್ದದ, ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್), ತಲೆ ತಿರುಗಿಸಿ ಬಿಚ್ಚಬಹುದಾದ ಚಿಕ್ಕ ಅಲ್ಯೂಮಿನಿಯಂ ಟಾರ್ಚಿಗೆ. ಅಂಟು ಹಾಕಿ ಮುಚ್ಚಿದ್ದರೆ ಕೈ ಹಾಕಬೇಡಿ.

ಮೊದಲು ಎಲ್‌ಇಡಿ ಆರಿಸಿ. 3 ವೋಲ್ಟ್‌ನದೇ ಬೇಕು. 6, 12 ವೋಲ್ಟ್‌ನವೂ ಬರುತ್ತವೆ, ನೋಡಿ ತೊಗೊಳ್ಳಿ. ಬಣ್ಣ 4000ರಿಂದ 5000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಳತೆ) 90 ಇದ್ದರೆ ಒಳ್ಳೆಯದು. ಕ್ರೀ ಕಂಪನಿಯ ಎಕ್ಸ್‌ಪಿ-ಜಿ2 ಸುಮಾರು 3.5 ಮಿ.ಮೀ. ಚೌಕ, ಎಕ್ಸ್‌ಎಂ-ಎಲ್2 5 ಮಿ.ಮೀ. ದೊಡ್ಡದು ಹಾಕಿದರೆ ಬೆಳಕು ಅಗಲವಾಗುತ್ತದೆ. ನಾನಂತೂ ಚಿಕ್ಕದನ್ನೇ ಹಾಕುತ್ತೇನೆ. ಕದಡಿದ ನೀರಿನಲ್ಲಿ ಅಗಲವಾದ ಬೆಳಕು ಹಿಡಿಯುವುದೂ ಮಡಿಕೇರಿ ಮಂಜಿನಲ್ಲಿ ಕಾರಿಗೆ ಹೈಬೀಮ್ ಹಾಕುವುದೂ ಒಂದೇ. ತಾಮ್ರದ ತಟ್ಟೆಗೆ ಮೊದಲೇ ಕೂರಿಸಿದ ಎಲ್‌ಇಡಿ ಕೊಳ್ಳಿ. ತಟ್ಟೆ 16 ಇಲ್ಲವೇ 20 ಮಿ.ಮೀ. ಇರುತ್ತದೆ, ಹಳೆಯದನ್ನು ಅಳೆದು ನೋಡಿ.

ಬ್ಯಾಟರಿ ತೆಗೆದು, ಟಾರ್ಚನ್ನು ಮುಚ್ಚಿ, ಸಿಹಿನೀರಲ್ಲಿ ತೊಳೆದು ಒಣಗಿಸಿ. ತಲೆ ಬಿಚ್ಚುವಾಗ ಕೆಳಗೆ ಒಂದು ಬಟ್ಟಲು ಇಟ್ಟುಕೊಳ್ಳಿ, ಸ್ಕ್ರೂ ಉರುಳಿ ಹೋಗುತ್ತವೆ. ರಿಫ್ಲೆಕ್ಟರ್ ಒಳಗೆ ಬೆರಳು ತಾಗಿಸಬೇಡಿ. ವೈರ್‌ಗಳ ಫೋಟೋ ತೆಗೆದು ಆಮೇಲೆ ಬೆಸುಗೆ ಬಿಡಿಸಿ. ತಟ್ಟೆಯಡಿಯ ಹಳೆಯ ಥರ್ಮಲ್ ಪೇಸ್ಟ್ (ಬಿಸಿ ಸಾಗಿಸುವ ಲೇಪ) ಒರೆಸಿ ತೆಗೆಯಿರಿ. ಹೊಸ ತಟ್ಟೆಯನ್ನು ಎತ್ತಿ ಹಿಡಿದೇ ಬೆಸುಗೆ ಹಾಕಿ. ಅಲ್ಯೂಮಿನಿಯಂ ಮೇಲೆ ಕೂರಿಸಿಬಿಟ್ಟರೆ ಅದು ಬಿಸಿಯನ್ನೆಲ್ಲ ಎಳೆದುಕೊಂಡು ಸೀಸ ಕರಗುವುದೇ ಇಲ್ಲ. ಪ್ಲಸ್, ಮೈನಸ್ ಅದಲು ಬದಲಾಗದಿರಲಿ. ತಟ್ಟೆಯಡಿ ತೆಳುವಾಗಿ ಥರ್ಮಲ್ ಪೇಸ್ಟ್ ಸವರಿ ಕೂರಿಸಿ. ರಿಫ್ಲೆಕ್ಟರ್ ಬೆಸುಗೆಗೆ ತಾಗಿದರೆ ಶಾರ್ಟ್ ಆಗುತ್ತದೆ, ನಡುವಿನ ಪ್ಲಾಸ್ಟಿಕ್ ವಾಷರ್ ಮರೆಯಬೇಡಿ. ಎರಡು ಸೆಕೆಂಡ್ ಹಚ್ಚಿ ನೋಡಿ. ಹತ್ತಿತಾ? ಆರಿಸಿಬಿಡಿ. ಇದು ನೀರಿನಲ್ಲಿ ತಣ್ಣಗಾಗುವ ಟಾರ್ಚ್, ಹೊರಗೆ ಬೇಗ ಕಾಯುತ್ತದೆ.

ಇಲ್ಲಿಗೆ ಸುಲಭದ ಭಾಗ ಮುಗಿಯಿತು. ಉಳಿದದ್ದು ಓ-ರಿಂಗ್, ಅಂದರೆ ನೀರು ಒಳಗೆ ಬಾರದಂತೆ ತಡೆಯುವ ರಬ್ಬರ್ ಬಳೆ.

ಇಪ್ಪತ್ತು ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ನೀರು ಸುಮಾರು 2 ಕೆ.ಜಿ. ಒತ್ತುತ್ತದೆ. ಮೂರು ಸೆಂಟಿಮೀಟರ್ ಅಗಲದ ಗಾಜಿನ ಮೇಲೆ ಹದಿನಾಲ್ಕು ಕೆ.ಜಿ., ಅಂದರೆ ಒಂದು ಗ್ಯಾಸ್ ಸಿಲಿಂಡರಿನೊಳಗಿನ ಗ್ಯಾಸಿನಷ್ಟು ಭಾರ! ನನ್ನ ಮೊದಲ ಟಾರ್ಚ್ ಹಾಳಾಗಿದ್ದು ಟವೆಲ್ಲಿನ ಒಂದು ನೂಲಿನಿಂದ. ಅದು ಓ-ರಿಂಗ್ ಮೇಲೆ ಅಡ್ಡ ಬಿದ್ದಿತ್ತು, ಅಷ್ಟೇ. ಬೆಸುಗೆ ಮಾತ್ರ ಬಲು ಚೆಂದ ಇತ್ತು.

ರಿಂಗನ್ನು ಸೂಜಿಯಿಂದ ಎಬ್ಬಿಸಬೇಡಿ, ಗೀರು ಬೀಳುತ್ತದೆ. ಹಳೆಯ ಎಟಿಎಂ ಕಾರ್ಡಿನ ಮೂಲೆ ಸಾಕು. ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿ. ಸೀಳು, ಚಪ್ಪಟೆಯಾದ ಜಾಗ ಕಂಡರೆ ಎಸೆಯಿರಿ. ರಿಂಗ್ ಕೂರುವ ತಗ್ಗನ್ನೂ ನೂಲು ಬಿಡದ ಬಟ್ಟೆಯಿಂದ ಒರೆಸಿ. ಸಿಲಿಕೋನ್ ಗ್ರೀಸ್ ಹೊಳಪು ಬರುವಷ್ಟು ಮಾತ್ರ ಸವರಿ. ಜಾಸ್ತಿ ಆದರೆ ಅದೇ ಕಸ ಹಿಡಿಯುತ್ತದೆ. ರಿಂಗೇ ಸಿಲಿಕೋನ್‌ನದಾದರೆ ಈ ಗ್ರೀಸ್ ಬೇಡ, ಉಬ್ಬಿಕೊಳ್ಳುತ್ತದೆ.

ಈಗ ಬ್ಯಾಟರಿ ಹಾಕಬೇಡಿ. ಒಳಗೆ ಟಿಶ್ಯೂ ತುರುಕಿ ಮುಚ್ಚಿ, ಮೇಲೆ ಕಲ್ಲು ಹೇರಿ ರಾತ್ರಿಯಿಡೀ ಬಕೆಟ್‌ನಲ್ಲಿ ಮುಳುಗಿಸಿಡಿ. ಬಕೆಟ್‌ನಲ್ಲಿ ಪಾಸಾದರೂ ಆಳದ ಪರೀಕ್ಷೆ ಬೇರೆಯೇ. ಹಾಗಾಗಿ ಮೊದಲ ಡೈವ್‌ಗೂ ಟಿಶ್ಯೂ ಸಮೇತ ಖಾಲಿ ಟಾರ್ಚನ್ನೇ ಸೊಂಟಕ್ಕೆ ಕಟ್ಟಿಕೊಂಡು ಇಳಿಯಿರಿ. ಮೇಲೆ ಬಂದು, ತೊಳೆದು, ಒರೆಸಿ, ಬಾಯಿ ಕೆಳಗೆ ಮಾಡಿ ಬಿಚ್ಚಿ. ಟಿಶ್ಯೂ ಗರಿಗರಿ ಇದ್ದರೆ ಬ್ಯಾಟರಿ ಹಾಕಿ.