ಹಳೇ ಮಾರುತಿ 800ಕ್ಕೆ ಹೊಸ ಸೈಲೆನ್ಸರ್: ಹಳೆಯದನ್ನು ಗುಜರಿಗೆ ಹಾಕಬೇಡಿ

ಮಾರುತಿ 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ನಮ್ಮ ಕರಾವಳಿಯ ಮನೆಗಳ ಅಂಗಳದಲ್ಲಿ ಅದು ಇನ್ನೂ ನಿಂತಿದೆ, ಓಡುತ್ತಲೂ ಇದೆ. ಎಂಜಿನ್‌ಗೆ ಏನೂ ಆಗಿರುವುದಿಲ್ಲ. ಉಪ್ಪುಗಾಳಿಗೆ, ಮಳೆಗೆ ಮೊದಲು ಹೋಗುವುದು ಸೈಲೆನ್ಸರ್. ಹೊಸದು ಹಾಕಿಸಿ ಮೂರೇ ತಿಂಗಳಿಗೆ ಮತ್ತೆ ಗ್ಯಾರೇಜಿಗೆ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರು ಮಾಡಿದ ತಪ್ಪು ಒಂದೇ. ಹಳೆಯ ಪೈಪು ಬಿಚ್ಚಿ ಗುಜರಿಗೆ ಕೊಟ್ಟು, ಬರಿಗೈಯಲ್ಲಿ ಅಂಗಡಿಗೆ ಹೋಗಿ, ‘800ರ ಸೈಲೆನ್ಸರ್ ಕೊಡಿ’ ಎಂದದ್ದು.

ಮೊದಲು: ಯಾವ ತುಂಡು ಹೋಗಿದೆ?

ನಾವು ಸೈಲೆನ್ಸರ್ ಎಂದು ಕರೆಯುವುದು ಒಂದೇ ವಸ್ತುವಲ್ಲ. ಎಂಜಿನ್‌ನಿಂದ ಬರುವ ಮುಂದಿನ ಪೈಪು, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್), ಹಿಂದಿನ ಡಬ್ಬಿ, ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್‌ಗಳು, ತೂಗುಹಾಕುವ ರಬ್ಬರ್‌ಗಳು ಎಲ್ಲ ಸೇರಿ ಒಂದು ಸಾಲು. ಶಬ್ದ ಬಂತೆಂದು ಇಡೀ ಸಾಲು ಬದಲಿಸಬೇಕಾಗಿಲ್ಲ.

ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ ಗಾಡಿ ಸ್ಟಾರ್ಟ್ ಮಾಡಿಸಿ. ದಪ್ಪ ಒದ್ದೆ ಬಟ್ಟೆಯಿಂದ ಹಿಂದಿನ ಪೈಪಿನ ಬಾಯಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಎಲ್ಲಿ ‘ಸುಸ್’ ಎನ್ನುತ್ತದೋ ಅಲ್ಲಿ ತೂತು. ಜಾಯಿಂಟ್ ಸುತ್ತ ಕಪ್ಪು ಮಸಿ ಇದ್ದರೆ ಅಲ್ಲೂ ಸೋರುತ್ತಿದೆ. ಮತ್ತೆ ಆಫ್ ಮಾಡಿ, ಸ್ಪ್ಯಾನರಿನಿಂದ ಡಬ್ಬಿಯನ್ನು ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ದಬ್ ಎನ್ನುತ್ತದೆ. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಹೋಗಲೇಬೇಡಿ.

ಸೋರಿಕೆ ಮುಂದಿನ ಪೈಪಿನಲ್ಲಿದ್ದರೆ ‘ಮುಂದಿನ ವಾರ ನೋಡೋಣ’ ಎನ್ನಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಗಾಡಿಯೊಳಗೆ ಬಂದರೂ ಗೊತ್ತಾಗುವುದಿಲ್ಲ. ದೂರ ಓಡಿಸಿದಾಗ ಎಲ್ಲರಿಗೂ ತಲೆನೋವು ಬರುತ್ತಿದ್ದರೆ ಅವತ್ತೇ ಗಾಡಿ ನಿಲ್ಲಿಸಿ.

ತೇಪೆ ಹಾಕಿಸುವವರಿಗೆ ಒಂದು ಮಾತು. ವೆಲ್ಡಿಂಗ್ ಹಿಡಿಯಲು ಗಟ್ಟಿ ತಗಡು ಬೇಕು. ತುಕ್ಕಿನ ಅಂಚಿಗೆ ಹಾಕಿದ ತೇಪೆ ಒಂದು ಮಳೆಗಾಲ ಬಾಳದು. ಅಂಗಡಿಯಲ್ಲಿ ಸಿಗುವ ಅಂಟು, ಪುಟ್ಟಿ ಮೆತ್ತುವುದಂತೂ ಸುಮ್ನೆ ದುಡ್ಡು ದಂಡ. ಎಂಪಿಎಫ್‌ಐ ಗಾಡಿಯಲ್ಲಿ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವಂಥದ್ದು) ವೆಲ್ಡಿಂಗ್ ಮಾಡಿಸಲೇಬೇಕಾದರೆ ಮೊದಲು ಬ್ಯಾಟರಿ ವೈರ್ ಬಿಚ್ಚಿಸಿ.

ಕ್ಯಾಟ್ ತೆಗೆಸಬೇಡಿ

‘ಕ್ಯಾಟ್ ಎಂತಕ್ಕೆ ಮಾರಾಯ್ರೆ, ಖಾಲಿ ಪೈಪ್ ಹಾಕುವ, ಪಿಕಪ್ ಬರ್ತದೆ’ ಎಂದು ಹೇಳುವವರು ಸಿಗುತ್ತಾರೆ. ಒಪ್ಪಬೇಡಿ. ಭಾರತ್ ಸ್ಟೇಜ್ 2 ಎಂಬ ಹೊಗೆ ಮಿತಿಯ ಪ್ರಕಾರ ತಯಾರಾದ ಪೆಟ್ರೋಲ್ ಕಾರು ಎಮಿಷನ್ ಟೆಸ್ಟ್‌ನಲ್ಲಿ ಪಾಸಾಗಲು ಕಾರ್ಬನ್ ಮಾನಾಕ್ಸೈಡ್ ಶೇ 0.5ರೊಳಗಿರಬೇಕು. ಕ್ಯಾಟ್ ಇಲ್ಲದೆ ಅದು ಕಷ್ಟ. ಆ ಹೊಗೆ ಕುಡಿಯುವವರು ನಮ್ಮ ಬೀದಿಯ ಮಕ್ಕಳೇ ಅಲ್ವಾ?

ತಟ್ಟಿದಾಗ ಕ್ಯಾಟ್ ಒಳಗೆ ಗಲಗಲ ಎಂದರೆ ಒಳಗಿನ ಜೇನುಗೂಡಿನಂಥ ಭಾಗ ಒಡೆದಿದೆ, ಬದಲಿಸಿ. ಆದರೆ ಅದು ಯಾಕೆ ಒಡೆಯಿತು ಎಂದು ಮೊದಲು ನೋಡಿಸಿ. ಪ್ಲಗ್ ಸರಿಯಾಗಿ ಕಿಡಿ ಹೊಡೆಯದಿದ್ದರೆ, ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಹೊಸ ಕ್ಯಾಟ್ ಕೂಡ ಹಾಳಾಗುತ್ತದೆ. ಹಳೆಯ ಕ್ಯಾಟ್‌ನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ಅದಕ್ಕೆ ಬೆಲೆಯಿದೆ, ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ.

ಅಂಗಡಿಯ ಕೌಂಟರಿನಲ್ಲಿ

ಕೆಲಸ ಕೆಡುವುದು ಇಲ್ಲೇ. 800 ಎಂದರೆ ಒಂದೇ ಗಾಡಿಯಲ್ಲ. ಕಾರ್ಬುರೇಟರಿನದು ಬೇರೆ, ಎಂಪಿಎಫ್‌ಐ ಬೇರೆ. ಆರ್‌ಸಿ ಹಿಡಿದುಕೊಂಡು ಹೋಗಿ, ಚಾಸಿಸ್ ನಂಬರ್ ಹೇಳಿ. ಜೊತೆಗೆ ಹಳೆಯ ಪೈಪನ್ನು ಗೋಣಿಚೀಲದಲ್ಲಿ ಸುತ್ತಿ ಒಯ್ಯಿರಿ.

ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಅಕ್ಕಪಕ್ಕ ಇಡಿ. ಉದ್ದ, ಬಾಗು ಒಂದೇ ಇರಬೇಕು. ನೇತುಹಾಕುವ ಕೊಕ್ಕೆಗಳು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಇರಬೇಕು. ಕೊಕ್ಕೆ ಒಂದು ಬೆರಳು ಆಚೀಚೆ ಇದ್ದರೂ ‘ಎಳೆದು ಕೂರಿಸಿದರಾಯಿತು’ ಎನ್ನುತ್ತಾರೆ. ಎಳೆದು ಕೂರಿಸಿದ ಪೈಪು ಯಾವಾಗಲೂ ಬಿಗಿದುಕೊಂಡೇ ಇರುತ್ತದೆ. ಪ್ರತಿ ಗುಂಡಿಗೂ ರಬ್ಬರ್ ಹರಿಯುತ್ತಾ, ವೆಲ್ಡಿಂಗ್ ಬಿರುಕು ಬಿಡುತ್ತಾ ಹೋಗುತ್ತದೆ. ಮೂರು ತಿಂಗಳಿಗೆ ವಾಪಸ್ ಬಂದವರ ಕತೆ ಇದೇ.

ಆಮೇಲೆ ಫ್ಲ್ಯಾಂಜ್, ಅಂದರೆ ಎರಡು ಪೈಪು ಕೂಡುವಲ್ಲಿ ಬೋಲ್ಟ್ ಹಾಕುವ ತೂತುಗಳಿರುವ ಚಪ್ಪಟೆ ಅಂಚು. ಹಳೆಯ ಗ್ಯಾಸ್ಕೆಟ್ ಅನ್ನು ಹೊಸ ಫ್ಲ್ಯಾಂಜಿನ ಮೇಲಿಟ್ಟು ತೂತುಗಳು ಕೂಡುತ್ತವಾ ನೋಡಿ. ತಗಡಿನಷ್ಟು ತೆಳ್ಳಗಿನ ಫ್ಲ್ಯಾಂಜ್ ಬೋಲ್ಟ್ ಬಿಗಿದಾಗ ಬಾಗಿ ಸೋರುತ್ತದೆ. ಮುಂದಿನ ಪೈಪು ಕೊಳ್ಳುವುದಾದರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೂರುವ ಜಾಗ, ಅದನ್ನು ತಿರುಗಿಸಿ ಕೂರಿಸುವ ಥ್ರೆಡ್ ಎರಡನ್ನೂ ಹೋಲಿಸಿ.

ಎರಡನ್ನೂ ಕೈಯಲ್ಲಿ ಎತ್ತಿ ನೋಡಿ. ಹಳೆಯದು ತುಕ್ಕು ಹಿಡಿದೂ ಹೊಸದಕ್ಕಿಂತ ಭಾರವಿದ್ದರೆ ಹೊಸದನ್ನು ವಾಪಸ್ ಕೊಡಿ. ಅದರ ತಗಡು ತೆಳು, ಒಳಗಿನ ಅಡ್ಡಗೋಡೆಗಳೂ ಕಡಿಮೆ. ಅಲ್ಲಾಡಿಸಿದಾಗ ಒಳಗೆ ಏನೂ ಸದ್ದಾಗಬಾರದು. ವೆಲ್ಡಿಂಗ್ ಸುತ್ತಲೂ ಒಂದೇ ಗೆರೆಯಾಗಿರಲಿ, ಅಲ್ಲಲ್ಲಿ ಚುಕ್ಕಿ ಇಟ್ಟದ್ದು ಬೇಡ.

ಬೆಳ್ಳಿ ಬಣ್ಣಕ್ಕೆ ಮೋಸ ಹೋಗಬೇಡಿ. ಅಲ್ಯೂಮಿನಿಯಂ ಲೇಪದ ಉಕ್ಕು ಒಳ್ಳೆಯದು. ಆದರೆ ಬರೀ ಬೆಳ್ಳಿ ಪೇಂಟ್ ಬಳಿದದ್ದೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಕೊಕ್ಕೆಯ ಹತ್ತಿರ ಕೀಲಿಯಿಂದ ಗೀರಿ. ಪೇಂಟ್ ಸಿಪ್ಪೆಯಾಗಿ ಏಳುತ್ತದೆ, ಲೇಪ ಏಳುವುದಿಲ್ಲ. ಸ್ಟೇನ್‌ಲೆಸ್ ಎಂದರೆ ಆಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಅದನ್ನು ನೆಚ್ಚಿಕೊಳ್ಳಬೇಡಿ. ಸೈಲೆನ್ಸರ್‌ಗೆ ಹೆಚ್ಚಾಗಿ ಬಳಸುವ 409 ದರ್ಜೆಯ ಸ್ಟೇನ್‌ಲೆಸ್ ಆಯಸ್ಕಾಂತಕ್ಕೆ ಅಂಟುತ್ತದೆ. 304 ಸಾಮಾನ್ಯವಾಗಿ ಅಂಟುವುದಿಲ್ಲ.

ಡಬ್ಬಿಯ ತಳದಲ್ಲಿ ಸಣ್ಣ ತೂತಿದ್ದರೆ ಅದು ದೋಷವಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡುವ ಗಾಡಿಯಲ್ಲಿ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಅಂಗಡಿಗೆ, ದೇವಸ್ಥಾನಕ್ಕೆ ಮಾತ್ರ ಓಡುವ ಗಾಡಿಯಲ್ಲಿ ಡಬ್ಬಿಯೊಳಗೇ ನಿಂತು ತುಕ್ಕು ಹಿಡಿಸುತ್ತದೆ. ಆ ನೀರು ಇಳಿಯಲೆಂದೇ ಇರುವ ತೂತನ್ನು ವೆಲ್ಡಿಂಗ್ ಮಾಡಿ ಮುಚ್ಚಿಸಿದವರನ್ನು ನೋಡಿದ್ದೇನೆ. ಮುಚ್ಚಿಸಬೇಡಿ.

ಕಂಪನಿಯ ಒರಿಜಿನಲ್ ಸಿಕ್ಕರೆ ನಾನು ಅದನ್ನೇ ಕೊಳ್ಳುತ್ತೇನೆ, ಬೆಲೆ ಜಾಸ್ತಿಯಾದರೂ ಸರಿ. ಇಲ್ಲವಾದರೆ ಬಿಲ್ಲು, ವಾರಂಟಿ ಕೊಡುವ ಅಂಗಡಿಯದ್ದು. ದಪ್ಪ ಪೈಪಿನ, ಗುಡುಗುವ ಸೈಲೆನ್ಸರ್ ಬೇಡವೇ ಬೇಡ. 796 ಸಿಸಿಯ ಎಂಜಿನ್‌ಗೆ ಅದರಿಂದ ಏನೂ ಸಿಗುವುದಿಲ್ಲ, ಪೊಲೀಸರು ದಂಡವನ್ನೂ ಹಾಕಬಹುದು.

ಕೂರಿಸುವಾಗ

ಗ್ಯಾಸ್ಕೆಟ್, ರಬ್ಬರ್, ನಟ್ಟು ಬೋಲ್ಟು ಎಲ್ಲವೂ ಹೊಸದೇ ಇರಲಿ. ಇಡೀ ಸಾಲನ್ನು ಸಡಿಲವಾಗಿ ಜೋಡಿಸಿ, ಎಲ್ಲೂ ತಾಗುತ್ತಿಲ್ಲ ಎಂದು ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಸಿ. ಮೊದಲ ಸಲ ಓಡಿಸಿದಾಗ ಪೇಂಟ್ ಸುಟ್ಟ ವಾಸನೆ, ಸ್ವಲ್ಪ ಹೊಗೆ ಬಂದರೆ ಹೆದರಬೇಕಿಲ್ಲ.

ಒಂದು ವಾರ ಓಡಿಸಿ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸಿಕೊಳ್ಳಿ. ಅಲ್ಲಿಯವರೆಗೆ ಹಳೆಯ ಪೈಪು ಮನೆಯಲ್ಲೇ ಇರಲಿ. ಏನಾದರೂ ತಾಗಿ ಸದ್ದು ಮಾಡಿದರೆ ಅಂಗಡಿಯವರ ಮುಂದೆ ಮತ್ತೆ ಅಕ್ಕಪಕ್ಕ ಇಟ್ಟು ತೋರಿಸಲು ಅದು ಬೇಕು.